ಮಾಟಗಾತಿಗೆ ಬಡ್ತಿ

2023ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಮಾಟಗಾತಿಯರಿಗೆ ಬಡ್ತಿ ಸಿಕ್ಕಿದ ಸುದ್ದಿ ಹೊರಬಿತ್ತು. ರೋಆಲ್ಡ್ ಡಾಲ್ 1983ರಲ್ಲಿ ಬರೆದ ‘ದ ವಿಚಸ್’ ಕಾದಂಬರಿಯ ಮಾಟಗಾತಿಯರು ಕೋರೆಹಲ್ಲು ಕಿಸಿದುಕೊಂಡು ತಿರುಗುವವರಲ್ಲ. ಅಕ್ಕಪಕ್ಕದ ಹೆಂಗಸರಂತೆಯೇ ಇರುತ್ತಾರೆ. ಒಬ್ಬಳು ಸೂಪರ್‌ಮಾರ್ಕೆಟ್ಟಿನ ಕ್ಯಾಶ್ ಕೌಂಟರಿನಲ್ಲಿ ಕೂತಿರಬಹುದು, ಇನ್ನೊಬ್ಬಳು ಯಾವನೋ ವ್ಯಾಪಾರಿಯ ಪತ್ರಗಳನ್ನು ಟೈಪ್ ಮಾಡುತ್ತಿರಬಹುದು. ಪಫಿನ್ ಪ್ರಕಾಶನ ತನ್ನ ಪರಿಷ್ಕೃತ ಆವೃತ್ತಿಯಲ್ಲಿ ಇಬ್ಬರ ನೌಕರಿಯನ್ನೂ ಬದಲಿಸಿತು. ಈಗ ಅವಳು ಹೆಸರಾಂತ ವಿಜ್ಞಾನಿ, ಇಲ್ಲವೇ ಸ್ವಂತ ಉದ್ಯಮದ ಒಡತಿ. ಮಕ್ಕಳನ್ನು ಇಲಿ ಮಾಡಿ ಸಾಯಿಸಲು ಹೊರಟವಳು ಗುಮಾಸ್ತೆಯಾಗಿದ್ದರೆ ಹೆಣ್ಣುಕುಲಕ್ಕೆ ಅವಮಾನ, ಕಂಪನಿ ಒಡತಿಯಾಗಿದ್ದರೆ ಮಾನ! ಈ ಲೆಕ್ಕ ಹಾಕಿದ ಸಂಪಾದಕರು ಯಾರೋ, ಅವರ ಕೆಲಸಕ್ಕೂ ಸಂಬಳವಂತೂ ಸಿಕ್ಕಿರುತ್ತದೆ.

ಇದು ನೂರಾರು ತಿದ್ದುಪಡಿಗಳಲ್ಲಿ ಒಂದು. ‘ದ ಟ್ವಿಟ್ಸ್’ನ ಶ್ರೀಮತಿ ಟ್ವಿಟ್ ಕುರೂಪಿ ಎಂಬ ಮಾತು ಹೋಯಿತು. ಚಾಕಲೇಟ್ ಕಾರ್ಖಾನೆಯ ಅಗಸ್ಟಸ್ ಗ್ಲೂಪ್ ದಪ್ಪಗಿರುವುದನ್ನು ಬಿಟ್ಟು ಬರೀ ಭಾರಿಯಾದ. ಪತ್ರಿಕೆಯೊಂದು ಈ ಪಟ್ಟಿಯನ್ನು ಪ್ರಕಟಿಸಿದ ಮೇಲೆ ಸಲ್ಮಾನ್ ರಶ್ದಿಯಂಥವರು ಸಿಟ್ಟಾದರು, ಪ್ರಧಾನಿಯ ಕಚೇರಿಯವರೆಗೂ ಮಾತು ಹೋಯಿತು. ಪಫಿನ್ ಅದೇ ತಿಂಗಳು ಇನ್ನೊಂದು ಪ್ರಕಟಣೆ ಕೊಟ್ಟಿತು: ತಿದ್ದದ ಮೂಲಪಠ್ಯದ 17 ಪುಸ್ತಕಗಳ ಸರಣಿಯನ್ನೂ ಬೇರೆಯಾಗಿ ತರುತ್ತೇವೆ. ಹೀಗೆ ಎರಡೂ ಬಗೆಯವು ಅಂಗಡಿಗೆ ಬಂದವು. ವ್ಯಾಪಾರಕ್ಕೆ ಇದಕ್ಕಿಂತ ಸುಖಾಂತ ಬೇರೆ ಬೇಕೇ?

ಆಗ ನಡೆದ ಜಗಳವೆಲ್ಲ ಲೇಖಕನ ಹಕ್ಕು, ಅಭಿವ್ಯಕ್ತಿ ಸ್ವಾತಂತ್ರ್ಯ, ಸತ್ತವರ ಮಾತನ್ನು ತಿದ್ದಬಹುದೇ ಎಂಬ ಪ್ರಶ್ನೆ, ಇವುಗಳ ಸುತ್ತ ತಿರುಗಿತು. ನನಗೆ ಆ ವಾದಗಳಲ್ಲಿ ಅಷ್ಟು ಆಸಕ್ತಿಯಿಲ್ಲ. ಡಾಲ್ ಪೂಜಿಸಬೇಕಾದ ಮನುಷ್ಯರೇನೂ ಅಲ್ಲ. ಯಹೂದಿಗಳ ಬಗ್ಗೆ ಅವರಾಡಿದ ಮಾತುಗಳಿಗೆ ಅವರ ಕುಟುಂಬದವರೇ 2020ರಲ್ಲಿ ಕ್ಷಮೆ ಕೇಳಿದ್ದಾರೆ. ಅದೇ ಚಾಕಲೇಟ್ ಕಾರ್ಖಾನೆಯಲ್ಲಿ ದುಡಿಯುವ ಊಂಪ-ಲೂಂಪರನ್ನು ಆಫ್ರಿಕಾದ ಕಾಡಿನಿಂದ ತಂದ ಪಿಗ್ಮಿಗಳೆಂದು ಬರೆದಿದ್ದ ಡಾಲ್, ಟೀಕೆ ಬಂದ ಮೇಲೆ 1970ರ ದಶಕದಲ್ಲಿ ಅದನ್ನು ತಾವೇ ತಿದ್ದಿದರು, ತಿದ್ದಿದ್ದು ಒಳ್ಳೆಯದೇ ಆಯಿತು. ಆದ್ದರಿಂದ ‘ಮೂಲಪಠ್ಯ ಪವಿತ್ರ’ ಎಂಬ ಬಾವುಟ ನಾನು ಹಿಡಿಯಲಾರೆ. ನನ್ನ ತಕರಾರು ಓದುವ ಮಗುವಿನ ಕಡೆಯದು. ಕಥೆಯ ದುಷ್ಟರನ್ನು ಸ್ವಲ್ಪ ಮೆತ್ತಗೆ ಮಾಡಿ ಎಂಬ ಒತ್ತಡ ಎಲ್ಲಿಂದ ಬಂದರೂ ಮಕ್ಕಳ ಹಿತದ ಹೆಸರಿನಲ್ಲೇ ಬರುತ್ತದೆ. ಅದರ ಲಾಭ ಮಾತ್ರ ದೊಡ್ಡವರಿಗೆ.

ಹೇಗೆಂದರೆ, ಮಕ್ಕಳ ಕಥೆಯ ಖಳರು ಯಾರು ಎಂದು ಒಮ್ಮೆ ನೋಡಿ. ಡಾಲ್ ಪುಸ್ತಕಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ವಯಸ್ಕರು, ಅದರಲ್ಲೂ ಮಗುವಿನ ಮೇಲೆ ಅಧಿಕಾರವುಳ್ಳ ವಯಸ್ಕರು. ಜೇಮ್ಸ್‌ನನ್ನು ಜೀತಕ್ಕಿಟ್ಟುಕೊಂಡವರು ಅವನ ಸ್ವಂತ ಅತ್ತೆಯರು. ಜಾರ್ಜ್‌ನನ್ನು ಕಾಡುವವಳು ಅಜ್ಜಿ. ‘ಮಟಿಲ್ಡಾ’ದಲ್ಲಿ ಹೆತ್ತವರೇ ಮಗುವನ್ನು ಕಸಕ್ಕಿಂತ ಕಡೆಯಾಗಿ ಕಾಣುತ್ತಾರೆ; ಶಾಲೆಗೆ ಹೋದರೆ ಅಲ್ಲಿ ಹೆಡ್‌ಮಿಸ್ಟ್ರೆಸ್ ಟ್ರಂಚ್‌ಬುಲ್, ಜಡೆ ಹಿಡಿದು ಹುಡುಗಿಯನ್ನು ಗಿರಗಿರ ತಿರುಗಿಸಿ ಬೇಲಿಯಾಚೆ ಎಸೆಯುವವಳು. ಇವರೆಲ್ಲ ಗಾಳಿಯಲ್ಲಿ ಹುಟ್ಟಿದವರಲ್ಲ. ಡಾಲ್ ತಮ್ಮ ಬಾಲ್ಯದ ನೆನಪುಗಳನ್ನು 1984ರಲ್ಲಿ ‘ಬಾಯ್’ ಎಂಬ ಪುಸ್ತಕವಾಗಿ ಬರೆದರು. ಅದರ ತುಂಬ ಬೆತ್ತದೇಟುಗಳಿವೆ. ಹೊಡೆಯುವವರು ದೊಡ್ಡ ದೊಡ್ಡ ಶಾಲೆಗಳ ಮಾನ್ಯ ಗುರುಗಳು.

‘ಮಟಿಲ್ಡಾ’ದಲ್ಲಿ ಒಂದು ಸೂಕ್ಷ್ಮವಿದೆ. ಇಷ್ಟೊಂದು ಕ್ರೌರ್ಯ ನಡೆದರೂ ಮಕ್ಕಳ ಅಪ್ಪ ಅಮ್ಮ ಯಾಕೆ ದೂರು ಕೊಡುವುದಿಲ್ಲ ಎಂಬ ಪ್ರಶ್ನೆ ಬರುತ್ತದೆ. ಮಟಿಲ್ಡಾಳಿಗೆ ಉತ್ತರ ಗೊತ್ತು: ಟ್ರಂಚ್‌ಬುಲ್ ಅತಿಗೆ ಹೋಗುವುದೇ ಅದಕ್ಕಾಗಿ. ಸಣ್ಣ ತಪ್ಪು ಮಾಡಿದ್ದರೆ ನಂಬುತ್ತಿದ್ದರೇನೋ. ಜಡೆ ಹಿಡಿದು ಎಸೆದರು ಎಂದು ಮಗು ಮನೆಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಐದು ವರ್ಷದ ಹುಡುಗಿಯ ಈ ತಿಳಿವಳಿಕೆ ಆ ಪುಸ್ತಕದ ಹೃದಯ. ಟ್ರಂಚ್‌ಬುಲ್‌ಳನ್ನು ‘ಸ್ವಲ್ಪ ಸ್ಟ್ರಿಕ್ಟ್ ಮೇಡಂ’ ಮಾಡಿಬಿಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ. ಮಗು ಹೇಳಿದ್ದನ್ನು ದೊಡ್ಡವರು ನಂಬದೆ ಹೋಗುವ ಅನ್ಯಾಯ ಪುಸ್ತಕದಿಂದ ಸದ್ದಿಲ್ಲದೆ ಮಾಯವಾಗುತ್ತದೆ.

ಈ ಗಾಳಿ ನಮ್ಮಲ್ಲೂ ಬೀಸುತ್ತಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾರಾಂತ್ಯದ ಕಥೆ ಕೂಟಗಳಿಗೆ ಕರೆಸುವವರು ಕಥೆ ಹೇಳುವವರ ಕಿವಿಯಲ್ಲಿ ಮೊದಲೇ ಊದುತ್ತಾರೆ: ‘ನೆಗೆಟಿವ್ ಬೇಡ ಮೇಡಂ, ಎಂಡಿಂಗ್ ಪಾಸಿಟಿವ್ ಆಗಿರಲಿ.’ ರಾಕ್ಷಸ ಸಾಯುವ ಬದಲು ಸಾರಿ ಕೇಳಬೇಕು. ನರಿ ಮೋಸ ಮಾಡಿದ್ದು ಒಂಟಿತನದಿಂದ ಎಂದಾಗಬೇಕು. ಹುಲಿಯೂ ಹಸುವೂ ಫ್ರೆಂಡ್ಸ್ ಆಗಬೇಕು. ಇದರ ಹಿಂದಿರುವ ತತ್ತ್ವ ಕೇಳಲು ಇಂಪಾಗಿದೆ. ಹುಟ್ಟುತ್ತಲೇ ಯಾರೂ ಕೆಟ್ಟವರಲ್ಲ, ಕೆಡುಕಿನ ಹಿಂದೆ ಯಾವುದೋ ನೋವಿರುತ್ತದೆ, ಮಗು ಆ ನೋವನ್ನು ಗುರುತಿಸಲು ಕಲಿತರೆ ಮುಂದೆ ಕರುಣೆಯುಳ್ಳ ಮನುಷ್ಯನಾಗುತ್ತದೆ. ಹೀಗೆ ಹೇಳುವವರು ಮೂರ್ಖರಲ್ಲ, ಅವರಲ್ಲಿ ಒಳ್ಳೆಯ ಶಿಕ್ಷಕರಿದ್ದಾರೆ. ಆದರೂ ಅವರು ಹೇಳುತ್ತಿರುವುದು ತಪ್ಪು.

ಮೊದಲನೆಯದಾಗಿ, ಖಳನನ್ನು ಮೆತ್ತಗಾಗಿಸಿದರೆ ಕಥೆಯಲ್ಲಿನ ಕೆಡುಕೇನೂ ಕಡಿಮೆಯಾಗುವುದಿಲ್ಲ, ಹೊರುವ ಹೆಗಲು ಬದಲಾಗುತ್ತದೆ ಅಷ್ಟೆ. ಡೋಡಿ ಸ್ಮಿತ್ 1956ರಲ್ಲಿ ಬರೆದ ‘ದ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್’ ಕಾದಂಬರಿಯ ಕ್ರುಯೆಲ್ಲ ನಾಯಿಮರಿಗಳ ಚರ್ಮ ಸುಲಿದು ಕೋಟು ಹೊಲಿಸಿಕೊಳ್ಳಬೇಕೆಂದವಳು. ಡಿಸ್ನಿ ಕಂಪನಿ 2021ರಲ್ಲಿ ಅವಳ ಮೇಲೊಂದು ಸಿನಿಮಾ ತೆಗೆದು ಅವಳಿಗೊಂದು ಕರುಣಾಜನಕ ಬಾಲ್ಯ ಕೊಟ್ಟಿತು. ಏನು ಆ ಬಾಲ್ಯದ ಗಾಯ? ಅವಳ ತಾಯಿಯನ್ನು ಡಾಲ್ಮೇಷಿಯನ್ ನಾಯಿಗಳೇ ಬಂಡೆಯಂಚಿನಿಂದ ಕೆಳಕ್ಕೆ ಕೆಡವಿದವು! ಚರ್ಮ ಸುಲಿಯಹೊರಟವಳಿಗೆ ನ್ಯಾಯ ಒದಗಿಸುವ ಅವಸರದಲ್ಲಿ ತಪ್ಪನ್ನು ನಾಯಿಗಳ ತಲೆಗೆ ಕಟ್ಟಿದರು. ಅದೂ ಸಾಲದೆಂದು ಆ ನಾಯಿಗಳ ಹಿಂದೆ ಕ್ರುಯೆಲ್ಲಳಿಗಿಂತ ಕ್ರೂರಿಯಾದ ಇನ್ನೊಬ್ಬ ಹೆಂಗಸನ್ನು ಸೃಷ್ಟಿಸಬೇಕಾಯಿತು. 2014ರ ‘ಮಲೆಫಿಸೆಂಟ್’ನಲ್ಲೂ ಇದೇ ಹಾಡು: ಶಾಪ ಕೊಟ್ಟ ಮಾಟಗಾತಿ ಒಳ್ಳೆಯವಳಾದ ಕೂಡಲೇ ರಾಜಕುಮಾರಿಯ ಅಪ್ಪ ನೀಚನಾದ.

ಇದೇನು ಹಾಲಿವುಡ್ ಕಂಡುಹಿಡಿದ ಉಪಾಯವಲ್ಲ. ಗ್ರಿಮ್ ಸೋದರರ 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಹೆತ್ತವಳು ಹೀಗೆ ಮಾಡಿದಳೆಂದು ಮಕ್ಕಳಿಗೆ ಹೇಳುವುದು ಸರಿಯಲ್ಲ ಎನ್ನಿಸಿತು. 1819ರ ಮುದ್ರಣದ ಹೊತ್ತಿಗೆ ಅವಳು ಮಲತಾಯಿಯಾಗಿದ್ದಳು. ಮಕ್ಕಳನ್ನು ಕಾಡಿಗೆ ಅಟ್ಟಿದ ಹ್ಯಾನ್ಸೆಲ್ ಮತ್ತು ಗ್ರೆಟೆಲ್‌ರ ತಾಯಿಗೂ ಮುಂದಿನ ಮುದ್ರಣಗಳಲ್ಲಿ ಇದೇ ಗತಿ. ತಾಯ್ತನದ ಮಾನ ಉಳಿಯಿತು. ಆ ಮಾನದ ಬೆಲೆಯನ್ನು ಇನ್ನೂರು ವರ್ಷದಿಂದ ಜಗತ್ತಿನ ಮಲತಾಯಂದಿರೆಲ್ಲ ತೆರುತ್ತಿದ್ದಾರೆ. ಹೆತ್ತ ಮಗುವಿಗೇ ಕೆಡುಕು ಬಗೆಯುವ ತಾಯಿಯೂ ಇರಬಹುದು ಎಂಬ ಕಹಿ ಸತ್ಯವನ್ನು ಮರೆಮಾಡಲು ಹೋಗಿ, ಮಲತಾಯಿಯೆಂದರೆ ಕೆಟ್ಟವಳು ಎಂಬ ಸುಳ್ಳನ್ನು ಮನೆಮನೆಗೆ ಹಂಚಿದ ಹಾಗಾಯಿತು. ಮೆತ್ತಗೆ ಮಾಡುವವರು ಈ ಲೆಕ್ಕ ಒಪ್ಪಿಸುವುದೇ ಇಲ್ಲ.

ಈಗ ನನ್ನ ವಿರುದ್ಧದ ಅತಿ ಬಲವಾದ ವಾದವನ್ನೇ ಎತ್ತಿಕೊಳ್ಳುತ್ತೇನೆ. ಅದು ಕನ್ನಡ ಸಾಹಿತ್ಯದೊಳಗಿಂದಲೇ ಬರುತ್ತದೆ. ದುಷ್ಟನಿಗೆ ಮರುಗಿದ ಕವಿಗಳು ನಮ್ಮಲ್ಲಿದ್ದಷ್ಟು ಬೇರೆಲ್ಲಿದ್ದಾರೆ? ಹತ್ತನೆಯ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನಿಗೆ ಸುರಿಸಿದ ಕಣ್ಣೀರನ್ನು ಭೀಮನಿಗೂ ಸುರಿಸಲಿಲ್ಲ. ನಾಗಚಂದ್ರನ ರಾವಣ ತನ್ನ ತಪ್ಪಿಗೆ ಬೆಂದವನು. ಅವನಲ್ಲಿ ದುರಂತ ನಾಯಕನನ್ನು ಕಂಡು ಬಿ.ಎಂ.ಶ್ರೀಯವರು ಲೇಖನವನ್ನೇ ಬರೆದರು. ಕುವೆಂಪು 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅದೇ ರಾವಣನಿಗೆ ಉದ್ಧಾರದ ದಾರಿ ತೆರೆದರು. ಹೀಗಿರುವಾಗ ಕನ್ನಡಿಗನೊಬ್ಬ ‘ಖಳನನ್ನು ಖಳನಾಗಿಯೇ ಇಡಿ’ ಎನ್ನುವುದು ತನ್ನ ಪರಂಪರೆಗೇ ಬೆನ್ನು ತಿರುಗಿಸಿದ ಹಾಗಲ್ಲವೇ?

ಅಲ್ಲ. ರನ್ನನ ದುರ್ಯೋಧನ ಮೆತ್ತಗಾದವನಲ್ಲ, ದೊಡ್ಡವನಾದವನು. ಅವನ ಛಲ ಒಂದಿನಿತೂ ಇಳಿಯಲಿಲ್ಲ, ದ್ರೌಪದಿಯ ಮುಡಿ ಹಿಡಿಸಿದ ಪಾಪವನ್ನು ರನ್ನ ಅಳಿಸಿಹಾಕಲಿಲ್ಲ. ರಣರಂಗದಲ್ಲಿ ಹೆಣಗಳ ನಡುವೆ ನಡೆದುಹೋಗುವ ಆ ದೊರೆಯನ್ನು ಕಂಡು ನಾವು ಮರುಗುವುದು ಅವನು ಮಾಡಿದ್ದೆಲ್ಲ ನಮಗೆ ನೆನಪಿರುವುದರಿಂದಲೇ. ಇಂದಿನ ಸಂಪಾದಕರು ಮಾಡುವುದು ಇದಕ್ಕೆ ತದ್ವಿರುದ್ಧ. ಅವರ ಕೈಯಲ್ಲಿ ಖಳ ಕುಗ್ಗುತ್ತಾನೆ. ಬಾಲ್ಯದಲ್ಲೊಂದು ಗಾಯ, ಕೊನೆಯಲ್ಲೊಂದು ಅಪ್ಪುಗೆ, ನಡುವೆ ಏನೂ ಆಗಿಲ್ಲವೆಂಬಂತೆ ಮುಗಿದುಹೋಗುತ್ತಾನೆ. ಖಳನಿಗೆ ಕಾರಣ ಕೊಡುವುದು ಬೇರೆ, ಅವನ ಖಳತನವನ್ನೇ ಕಿತ್ತುಕೊಳ್ಳುವುದು ಬೇರೆ.

ಕುವೆಂಪು ಅವರ ಉದಾಹರಣೆ ಇನ್ನೂ ಸ್ವಾರಸ್ಯದ್ದು. ರಾವಣನನ್ನೂ ಕೈಬಿಡದ ಅದೇ ಕವಿ ಮಕ್ಕಳಿಗೆಂದು ಬರೆದದ್ದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಊರಿನ ಕಥೆಯನ್ನು ತುಂಗೆಯ ದಡಕ್ಕೆ ತಂದರು. ಇಲಿಗಳ ಕಾಟ ತಪ್ಪಿಸಿದರೆ ಹಣ ಕೊಡುತ್ತೇನೆಂದ ಗೌಡ ಕೆಲಸವಾದ ಮೇಲೆ ಮಾತು ತಪ್ಪುತ್ತಾನೆ. ಜೋಗಿ ಊರಿನ ಮಕ್ಕಳನ್ನು ಕರೆದುಕೊಂಡು ಹೋಗಿಬಿಡುತ್ತಾನೆ. ಗೌಡನ ಬೊಕ್ಕಸ ಬರಿದಾಗಿತ್ತು, ಪಾಪ, ಅವನಿಗೂ ಕಷ್ಟವಿತ್ತು ಎಂದು ಕುವೆಂಪು ಸೇರಿಸಲಿಲ್ಲ. ಕೊನೆಯಲ್ಲಿ ಜೋಗಿ ಮನಸ್ಸು ಬದಲಿಸಿ ಮಕ್ಕಳನ್ನು ವಾಪಸ್ ತಂದು ಬಿಡಲೂ ಇಲ್ಲ. ದೊಡ್ಡವರು ಮಾತಿಗೆ ತಪ್ಪಿದ್ದಕ್ಕೆ ಮಕ್ಕಳಿಲ್ಲದ ಊರು ಉಳಿಯಿತು. ಎಷ್ಟೋ ತಲೆಮಾರುಗಳ ಕನ್ನಡದ ಮಕ್ಕಳು ಆ ಪದ್ಯವನ್ನು ಬಾಯಿಪಾಠ ಮಾಡಿ ಕುಣಿದಿದ್ದಾರೆ. ಯಾರಿಗೆ ಯಾವುದನ್ನು ಯಾವಾಗ ಹೇಳಬೇಕೆಂಬುದು ಆ ಕವಿಗೆ ಚೆನ್ನಾಗಿ ಗೊತ್ತಿತ್ತು: ದುಷ್ಟನ ಉದ್ಧಾರ ಬೆಳೆದವರಿಗೆ, ದುಷ್ಟತನದ ಗುರುತು ಮಕ್ಕಳಿಗೆ.

ಮೆತ್ತಗೆ ಮಾಡುವವರು ಪುಣ್ಯಕೋಟಿಯ ಕಥೆಯನ್ನು ತಮ್ಮ ಕಡೆಯ ಸಾಕ್ಷಿಯೆಂದು ಕರೆತರುತ್ತಾರೆ. ನೋಡಿ, ಅರ್ಬುತನೆಂಬ ಹುಲಿಯ ಮನಸ್ಸು ಬದಲಾಗಲಿಲ್ಲವೇ ಎನ್ನುತ್ತಾರೆ. ಬದಲಾಯಿತು. ಯಾವಾಗ? ಹಸು ಕರುವಿಗೆ ಹಾಲುಣಿಸಿ, ಅದನ್ನು ಓರಗೆಯ ಹಸುಗಳಿಗೆ ಒಪ್ಪಿಸಿ, ಸಾಯಲೆಂದೇ ತಿರುಗಿ ಬಂದು ಎದುರು ನಿಂತಾಗ. ಅದು ಹಾಗೆ ತಿರುಗಿ ಬಂದದ್ದು ಪುಣ್ಯವಾಗುವುದು ಹುಲಿ ನಿಜವಾಗಿಯೂ ತಿನ್ನುವ ಹುಲಿಯಾಗಿದ್ದರೆ ಮಾತ್ರ. ಅರ್ಬುತ ಮೊದಲಿನಿಂದಲೇ ಒಳಗೊಳಗೆ ಒಳ್ಳೆಯವನಾಗಿದ್ದು, ಸುಮ್ಮನೆ ಹೆದರಿಸುತ್ತಿದ್ದ ಎಂದಾದರೆ ಹಸು ಸಾಯಂಕಾಲ ವಾಕಿಂಗ್ ಹೋಗಿ ಬಂದಂತಾಗುತ್ತದೆ. ಹುಲಿಯ ಪಶ್ಚಾತ್ತಾಪಕ್ಕೂ ಬೆಲೆಯಿದೆ, ಅದು ಪ್ರಾಣವನ್ನೇ ಬಿಡುತ್ತದೆ. ಅಪಾರ್ಟ್‌ಮೆಂಟಿನ ಕಥೆ ಕೂಟದ ಆವೃತ್ತಿಯಲ್ಲಿ ಹುಲಿ ಸಾಯುವುದಿಲ್ಲವಂತೆ, ಎಲ್ಲರೂ ಸೇರಿ ಹಾಡುತ್ತಾರಂತೆ. ಬೆಲೆ ತೆರದ ಪಶ್ಚಾತ್ತಾಪವನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ. ಒಡೆದ ಹೂದಾನಿಯ ಮುಂದೆ ನಿಂತು ಅವರೇ ದಿನಾ ಹೇಳುವ ಸಾರಿ ಅದು.

ಹಿನ್ನೆಲೆಯ ಮಾತು ಬಂತಲ್ಲ, ಹಿರಣ್ಯಕಶಿಪುವನ್ನು ತೆಗೆದುಕೊಳ್ಳಿ. ಇಂದಿನ ಚಿತ್ರಕಥೆಗಾರರು ಹುಡುಕಾಡಿ ತರುವ ಗಾಯವೆಲ್ಲ ಭಾಗವತದಲ್ಲಿ ಅವನಿಗೆ ಮೊದಲೇ ಇದೆ. ಒಡಹುಟ್ಟಿದ ಹಿರಣ್ಯಾಕ್ಷನನ್ನು ವರಾಹ ಕೊಂದಿದ್ದಾನೆ. ಕೊಂದವನ ಹೆಸರನ್ನೇ ಮನೆಯ ಮಗ ಹಗಲಿರುಳು ಜಪಿಸುತ್ತಾನೆ. ಅದಕ್ಕೂ ಹಿಂದೆ ಹೋದರೆ ಅವನು ವೈಕುಂಠದ ಬಾಗಿಲು ಕಾಯುತ್ತಿದ್ದವನು, ಋಷಿಗಳ ಶಾಪದಿಂದ ಅಸುರನಾಗಿ ಹುಟ್ಟಿದವನು. ಇಷ್ಟೆಲ್ಲ ಗೊತ್ತಿದ್ದೂ ಪುರಾಣ ಹೇಳುವವರು ಅವನ ಒಂದು ಕೃತ್ಯವನ್ನೂ ಮುಚ್ಚಲಿಲ್ಲ. ಆನೆಯ ಕಾಲಿಗೆ ಹಾಕಿಸಿದ್ದು, ಬೆಟ್ಟದಿಂದ ತಳ್ಳಿಸಿದ್ದು, ವಿಷ ಕುಡಿಸಿದ್ದು, ಹಾವುಗಳಿಂದ ಕಚ್ಚಿಸಿದ್ದು, ಎಲ್ಲವೂ ಕಥೆಯಲ್ಲಿದೆ. ಕೊನೆಗೆ ಕಂಬ ಒಡೆಯುತ್ತದೆ, ಕರುಳು ಬಗೆಯಲಾಗುತ್ತದೆ. ಅಷ್ಟಾದ ಮೇಲೂ ಅಪ್ಪನಿಗೆ ಸದ್ಗತಿ ಸಿಗಲೆಂದು ಪ್ರಹ್ಲಾದ ಬೇಡಿಕೊಳ್ಳುತ್ತಾನೆ. ಕರುಣೆ ಇಲ್ಲಿದೆ, ಆದರೆ ಅದು ಏಟು ತಿಂದ ಮಗುವಿನದು. ಕೊಡುವುದೋ ಬಿಡುವುದೋ ಮಗುವಿಗೆ ಬಿಟ್ಟದ್ದು. ಹೊಡೆದವನ ಪರವಾಗಿ ಸಂಪಾದಕರು ಮುಂಚಿತವಾಗಿ ವಸೂಲಿ ಮಾಡುವ ಕರುಣೆ ಅದಲ್ಲ.

1983ರಲ್ಲಿ ಬಂದ ‘ಭಕ್ತ ಪ್ರಹ್ಲಾದ’ ಸಿನಿಮಾದಲ್ಲಿ ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ಅವರ ಸ್ವಂತ ಮಗ ಪುನೀತ್. ನಾಡೇ ಅಣ್ಣಾವ್ರು ಎಂದು ಕರೆದ, ತೆರೆಯ ಮೇಲೆ ಸಿಗರೇಟು ಕುಡಿತಗಳಿಂದಲೂ ದೂರವಿದ್ದ ನಟ ಗದೆ ಹೊತ್ತು ಗುಡುಗುತ್ತ ಪುಟ್ಟ ಹುಡುಗನನ್ನು ಸಾವಿಗೆ ನೂಕುತ್ತಾರೆ. ಆ ಪಾತ್ರವನ್ನು ಅವರು ಒಂದಿಷ್ಟೂ ತೆಳು ಮಾಡಲಿಲ್ಲ. ಕಣ್ಣು, ನಡಿಗೆ, ದನಿ ಎಲ್ಲದರಲ್ಲೂ ಅಸುರನೇ. ನೋಡುತ್ತಿದ್ದ ಮಕ್ಕಳಿಗೆ ಅವರಿಬ್ಬರೂ ಅಪ್ಪ ಮಗ ಎಂದು ಗೊತ್ತಿತ್ತು, ಶೂಟಿಂಗ್ ಮುಗಿದ ಮೇಲೆ ಒಟ್ಟಿಗೆ ಊಟ ಮಾಡುತ್ತಾರೆಂದೂ ಗೊತ್ತಿತ್ತು. ಆದರೂ ಹೆದರಿದರು, ಅತ್ತರು, ಕಂಬ ಒಡೆದಾಗ ಚಪ್ಪಾಳೆ ತಟ್ಟಿದರು. ಮಗುವಿಗೆ ಕಥೆಗೂ ಬದುಕಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎನ್ನುವವರು ಆ ಟಾಕೀಸುಗಳ ಮುಂದಿನ ಬೆಂಚಿನಲ್ಲಿ ಕೂತವರಲ್ಲ.

ಮಕ್ಕಳು ಹೆದರಿಕೊಳ್ಳುತ್ತಾರೆ ಎಂಬ ಆಕ್ಷೇಪಕ್ಕೆ ಕರಾವಳಿಯ ಬಯಲಾಟ ಉತ್ತರ ಕೊಟ್ಟು ಯಾವ ಕಾಲವಾಯಿತು! ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಕ್ಕೆ ಬಣ್ಣದ ವೇಷ ಎನ್ನುತ್ತಾರೆ. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚುಟ್ಟಿ ಇಡುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಬಣ್ಣದ ಮಾಲಿಂಗನವರಂಥ ಕಲಾವಿದರ ಹೆಸರಿಗೇ ಆ ವೇಷ ಅಂಟಿಕೊಂಡಿತು. ಸಂಜೆ ಚೌಕಿಯೊಳಗೆ ಇಣುಕುವ ಮಕ್ಕಳು ಆ ಮನುಷ್ಯ ನೆಲದ ಮೇಲೆ ಕೂತು ಚಹಾ ಕುಡಿಯುವುದನ್ನೂ, ಬರೀ ಮುಖ ಹಂತಹಂತವಾಗಿ ರಾಕ್ಷಸನದ್ದಾಗುವುದನ್ನೂ ನೋಡಿರುತ್ತಾರೆ. ‘ದೇವಿ ಮಹಾತ್ಮೆ’ಯ ರಾತ್ರಿ ಚಾಪೆಯ ಮೇಲೆ ಮಲಗುವ ಮುಂಚೆ ಅಮ್ಮನಿಗೆ ತಾಕೀತು ಮಾಡುತ್ತಾರೆ: ‘ಮಹಿಷಾಸುರ ಬರುವಾಗ ಎಬ್ಬಿಸಲೇಬೇಕು.’ ಅವನೋ ರಂಗಸ್ಥಳದಿಂದ ಬರುವವನಲ್ಲ. ಪ್ರೇಕ್ಷಕರ ಬೆನ್ನ ಹಿಂದಿನ ಕತ್ತಲಿನಿಂದ, ದೊಂದಿಗಳ ನಡುವೆ, ರಾಳದ ಬೆಂಕಿ ಭುಗ್ಗೆನ್ನುತ್ತಿರುವಾಗ ಕೊಂಬು ಅಲ್ಲಾಡಿಸುತ್ತ ಜನರ ಮಧ್ಯದಿಂದಲೇ ನುಗ್ಗುತ್ತಾನೆ. ಮಕ್ಕಳು ಚೀರುತ್ತ ಅಮ್ಮನ ಸೆರಗಿನೊಳಗೆ ಹೊಕ್ಕು ಅಲ್ಲಿಂದಲೇ ಒಂದು ಕಣ್ಣು ತೆರೆದು ನೋಡುತ್ತವೆ. ಬೆಳಗಾದರೆ ಅಂಗಳದಲ್ಲಿ ಹಾಳೆಯ ಕಿರೀಟ ಕಟ್ಟಿಕೊಂಡು ಆಟ ಶುರು, ಎಲ್ಲರಿಗೂ ಮಹಿಷಾಸುರನ ಪಾತ್ರವೇ ಬೇಕು! ದೇವಿಯಾಗಲು ಒಬ್ಬರನ್ನು ಗೋಗರೆಯಬೇಕು.

ಮಕ್ಕಳು ಹೆದರುತ್ತಾರೆಂಬ ಈ ಭಯ ಪಂಡಿತರನ್ನೂ ಬಿಟ್ಟಿಲ್ಲ. ಜಾನಪದ ಕಥೆಗಳ ಕ್ರೌರ್ಯ ಮಕ್ಕಳಿಗೆ ಅಗತ್ಯ ಎಂದು 1976ರಲ್ಲಿ ಪುಸ್ತಕವನ್ನೇ ಬರೆದ ಬ್ರೂನೊ ಬೆಟಲ್‌ಹೈಮ್, ಅದಕ್ಕೆ ಏಳು ವರ್ಷ ಮುಂಚೆ ಮಾರಿಸ್ ಸೆಂಡಾಕ್ ಅವರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಮಕ್ಕಳನ್ನು ಹೆದರಿಸುತ್ತದೆಂದು ಟೀಕಿಸಿದ್ದರು, ಅದೂ ಪುಸ್ತಕ ಓದದೆ! 1937ರ ‘ಸ್ನೋ ವೈಟ್’ ಸಿನಿಮಾಕ್ಕೆ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಮಕ್ಕಳು ದೊಡ್ಡವರ ಜೊತೆಗೇ ಬಂದು ನೋಡಬೇಕೆಂಬ ಷರತ್ತು ಹಾಕಿತ್ತು. ಆ ಮಕ್ಕಳೆಲ್ಲ ಬೆಳೆದು ತಮ್ಮ ಮೊಮ್ಮಕ್ಕಳಿಗೂ ಅದನ್ನೇ ತೋರಿಸಿದರು.

ಹಾಗೆಂದು ಮೂರು ವರ್ಷದ ಕೂಸಿಗೂ ಕರುಳು ಬಗೆಯುವುದನ್ನು ವರ್ಣಿಸಿ ಎಂದು ನಾನು ಹೇಳುತ್ತಿಲ್ಲ. ಕಥೆ ಹೇಳುವ ಯಾವ ಅಜ್ಜಿಯೂ ಅದನ್ನು ಮಾಡಿದವಳಲ್ಲ. ಮಗುವಿನ ಮುಖ ನೋಡುತ್ತ ಎಲ್ಲಿ ದನಿ ಏರಿಸಬೇಕು, ಎಲ್ಲಿ ನಾಲ್ಕು ಮಾತು ನುಂಗಬೇಕು ಎಂದು ಅವಳು ಅಲ್ಲಲ್ಲೇ ತೀರ್ಮಾನಿಸುತ್ತಾಳೆ. ಆ ವಿವೇಕ ಹಾಸಿಗೆಯ ಪಕ್ಕದಲ್ಲಿ ಕೂತವರಿಗೆ ಸೇರಿದ್ದು. ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಕೂತ ಸಂಪಾದಕರು, ಎಂದೂ ಕಾಣದ ಲಕ್ಷಾಂತರ ಮಕ್ಕಳ ಪರವಾಗಿ ಒಂದೇ ಸಲ ತೀರ್ಮಾನಿಸಿ ಅಚ್ಚು ಹಾಕಿಬಿಟ್ಟರೆ ಅಜ್ಜಿಗೆ ಆಯ್ಕೆಯೇ ಉಳಿಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ತಿದ್ದುವವರ ಪಕ್ಷಕ್ಕೆ ನನ್ನ ಮತವಿದೆ. ದುಷ್ಟನನ್ನು ತೋರಿಸಲು ಕಪ್ಪು ಬಣ್ಣ, ಗೂನು ಬೆನ್ನು, ಕುಂಟು ಕಾಲು ಬಳಸುವ ಸೋಮಾರಿತನ ಹೋಗಬೇಕು. ನಮ್ಮ ಚಿತ್ರಕಥೆಗಳಲ್ಲಿ ಅಸುರರೆಲ್ಲ ಕಪ್ಪಗೆ, ದೇವತೆಗಳೆಲ್ಲ ಬೆಳ್ಳಗೆ ಇರುವುದು ನಮ್ಮ ಮಕ್ಕಳಲ್ಲೇ ಬಹುಪಾಲಿನವರಿಗೆ ಮಾಡುವ ಅವಮಾನ. 2020ರಲ್ಲಿ ‘ದ ವಿಚಸ್’ ಮತ್ತೆ ಸಿನಿಮಾ ಆದಾಗ ಮಾಟಗಾತಿಯರ ಕೈಗೆ ಬೆರಳು ಕಡಿಮೆ ತೋರಿಸಿದ್ದರು. ಹುಟ್ಟಿನಿಂದ ಬೆರಳಿಲ್ಲದವರು ನೊಂದರು, ವಾರ್ನರ್ ಬ್ರದರ್ಸ್ ಕ್ಷಮೆ ಕೇಳಿತು, ಕೇಳಬೇಕಾದದ್ದೇ. ಆದರೆ ಇದಕ್ಕೆ ಪರಿಹಾರ ದುಷ್ಟತನ ತಗ್ಗಿಸುವುದಲ್ಲ, ದುಷ್ಟರು ಎಲ್ಲರ ಹಾಗೆಯೇ ಕಾಣುತ್ತಾರೆಂದು ತೋರಿಸುವುದು. ಡಾಲ್ ಕಾದಂಬರಿ ಮಾಡಿದ್ದು ಅದನ್ನೇ. ಕೈಗವಸು ತೊಟ್ಟು ನಗುನಗುತ್ತ ಚಾಕಲೇಟ್ ಕೊಡುವ ಹೆಂಗಸೇ ಅಪಾಯಕಾರಿ ಎಂದು ಅಲ್ಲಿ ಅಜ್ಜಿ ಮೊಮ್ಮಗನಿಗೆ ಹೇಳಿಕೊಡುತ್ತಾಳೆ. 1990ರ ದಶಕದಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿದ ನೂರು ಪುಸ್ತಕಗಳಲ್ಲಿ ಅದೂ ಒಂದಾಗಿತ್ತು.

ಇಲ್ಲಿಂದ ಮುಂದಿನದು ಇಂಗ್ಲೆಂಡಿಗಿಂತ ನಮಗೆ ಹೆಚ್ಚು ಸಂಬಂಧಿಸಿದ್ದು. ಬ್ರಿಟನ್ನಿನ ಮಗು ದೊಡ್ಡವರಿಗೆ ಎದುರು ಮಾತಾಡಿದರೆ ಅದಕ್ಕೊಂದು ರೂಢಿಯಾದರೂ ಇದೆ. ನಮ್ಮಲ್ಲಿ ಮಗುವಿನ ಬಾಯಿ ಮುಚ್ಚಿಸುವ ಮಾತುಗಳೇ ಮನೆತುಂಬ: ದೊಡ್ಡವರಿಗೆ ಹಾಗೆಲ್ಲ ಅನ್ನಬಾರದು, ಮಾಮ ಅಂಥವರಲ್ಲ, ಮೇಷ್ಟ್ರು ಹೊಡೆದರೆ ನಿನ್ನ ಒಳ್ಳೆಯದಕ್ಕೇ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಬೆತ್ತದ ಸುದ್ದಿ ಪತ್ರಿಕೆಗಳಲ್ಲಿ ಈಗಲೂ ನಿಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರ ಮಕ್ಕಳ ದಿನಾಚರಣೆಯಂದು ಜಾರಿಗೆ ಬಂತು. ಅಂಥ ಪ್ರಕರಣಗಳ ಬಹುಪಾಲಿನಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಹೇಳುತ್ತದೆ. ನೆಂಟ, ನೆರೆಯವ, ವ್ಯಾನ್ ಓಡಿಸುವವ, ಪಾಠ ಹೇಳುವವ. ಶಾಲೆಯ ಒಂದು ತರಗತಿಯಲ್ಲಿ ಇದೇ ಮಗುವಿಗೆ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ಮಾಡಿ, ಯಾರೇ ಆಗಲಿ ಕೂಗು, ಓಡು, ಹೇಳು ಎನ್ನುತ್ತೇವೆ. ಮುಂದಿನ ತರಗತಿಯಲ್ಲಿ ಕಥೆ ಹೇಳುತ್ತ, ಕೆಟ್ಟವರು ಅಂತ ಯಾರೂ ಇಲ್ಲ, ಅವರಿಗೂ ಏನೋ ನೋವಿರುತ್ತದೆ, ಅರ್ಥ ಮಾಡಿಕೊ ಎನ್ನುತ್ತೇವೆ. ಮಗು ಯಾವುದನ್ನು ನಂಬಬೇಕು? ಹಲ್ಲು ಕಿತ್ತ ಹಾವನ್ನು ಕೈಗೆ ಕೊಟ್ಟು, ಇದೇ ಹಾವು, ಮುಟ್ಟಿ ನೋಡು ಎಂದು ಕಲಿಸಿದವರು ಹಿತ್ತಲಲ್ಲಿ ಮಗುವನ್ನು ಒಂಟಿಯಾಗಿ ಬಿಡಬಾರದು.

ತರಗತಿಯಲ್ಲಿ ದಿನಾ ಪೆಟ್ಟು ತಿನ್ನುವ ಹುಡುಗನನ್ನು ನೆನೆಸಿಕೊಳ್ಳಿ. ಹೊಡೆಯುವವನ ಮನೆಯಲ್ಲಿ ಏನು ಕಷ್ಟವಿದೆಯೋ ಎಂದು ತಿಳಿಯುವುದು ಶಿಕ್ಷಕರ ಕೆಲಸ, ಆಪ್ತಸಲಹೆಗಾರರ ಕೆಲಸ. ಪೆಟ್ಟು ತಿಂದವನ ಕೆಲಸವಂತೂ ಅಲ್ಲ. ಅವನಿಗೆ ಮೊದಲು ಬೇಕಾದದ್ದು, ನಿನಗಾದದ್ದು ಅನ್ಯಾಯ ಎಂದು ಯಾರಾದರೂ ಖಚಿತವಾಗಿ ಹೇಳುವುದು. ಮನೆಯಲ್ಲಿ, ಶಾಲೆಯಲ್ಲಿ ಯಾರೂ ಹೇಳದಿದ್ದಾಗ ಕೆಲವೊಮ್ಮೆ ಪುಸ್ತಕ ಹೇಳುತ್ತದೆ. ಆ ಒಂದು ದನಿಯನ್ನೂ ಸಮತೋಲನದ ಹೆಸರಿನಲ್ಲಿ ಅಡಗಿಸಿಬಿಟ್ಟರೆ ಅವನು ಎಲ್ಲಿಗೆ ಹೋಗಬೇಕು?

ಹಳಬರು ಮಕ್ಕಳ ಕೈಗೆ ಇದಕ್ಕಿಂತ ಕಟುವಾದದ್ದನ್ನು ಕೊಟ್ಟಿದ್ದರು. ಪಂಚತಂತ್ರದ ಮೊದಲ ತಂತ್ರದಲ್ಲಿ ದಮನಕ ಎಂಬ ನರಿ ಸಿಂಹಕ್ಕೂ ಎತ್ತಿಗೂ ಜಗಳ ಹಚ್ಚಿ, ಎತ್ತನ್ನು ಕೊಲ್ಲಿಸಿ, ಶಿಕ್ಷೆಯಿಲ್ಲದೆ ಮಂತ್ರಿಯಾಗಿ ಉಳಿಯುತ್ತದೆ. ಎಂಟನೆಯ ಶತಮಾನದಲ್ಲಿ ಇದನ್ನು ಅರಬ್ಬಿಗೆ ತಂದ ಇಬ್ನ್ ಅಲ್ ಮುಕಫ್ಫನಿಗೆ ಇದನ್ನು ಸಹಿಸಲಾಗಲಿಲ್ಲ. ಅವನು ಮಾಡಿದ್ದೇನು? ನರಿಗೆ ನೊಂದ ಬಾಲ್ಯ ಕಟ್ಟಿಕೊಡಲಿಲ್ಲ. ಹೊಸದೊಂದು ಅಧ್ಯಾಯ ಸೇರಿಸಿ, ನರಿಯನ್ನು ವಿಚಾರಣೆಗೆ ನಿಲ್ಲಿಸಿ, ಸಾಕ್ಷಿ ಹೇಳಿಸಿ, ಸೆರೆಮನೆಗೆ ಹಾಕಿಸಿದ. ತಿದ್ದಲೇಬೇಕೆಂದರೆ ತಿದ್ದುವ ಬಗೆ ಅದು.

ಕನ್ನಡದಲ್ಲಿ ಮಕ್ಕಳ ಪುಸ್ತಕ ಮಾಡುತ್ತಿರುವವರಲ್ಲಿ, ಪಠ್ಯ ಆರಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಚಿತ್ರದ ಬಣ್ಣ ತಿದ್ದಿ, ಜಾತಿಯ ಬೈಗುಳ ತೆಗೆಯಿರಿ, ಬೇಕಿದ್ದರೆ ಮುನ್ನುಡಿ ಬರೆದು ಕಾಲ ಬೇರೆಯಿತ್ತು ಎನ್ನಿ. ಹಳೆಯ ಕಥೆ ನಿಮಗೆ ಒಗ್ಗದಿದ್ದರೆ ಅಚ್ಚು ಮಾಡಬೇಡಿ, ಹೊಸದನ್ನು ಬರೆಯಿರಿ. ಹಳೆಯ ಹೆಸರು ಉಳಿಸಿಕೊಂಡು ಒಳಗಿನ ದುಷ್ಟನನ್ನು ಮಾತ್ರ ಕದ್ದು ಸಾಗಿಸಬೇಡಿ. ಅಪ್ಪ ಅಮ್ಮಂದಿರಿಗೂ ಒಂದು ಮಾತು. ಇವತ್ತು ರಾತ್ರಿ ಕಿಂದರಿಜೋಗಿ ಓದುವಾಗ ಮಗು ತಡೆದು, ‘ಗೌಡ ಮಾಡಿದ್ದು ತಪ್ಪು ಅಲ್ವಾ?’ ಎಂದು ಕೇಳಿದರೆ, ಹೌದು, ತಪ್ಪು ಎನ್ನಿ. ಗೌಡನ ಕಷ್ಟಸುಖ ತಿಳಿಯಲು ಅದು ದೊಡ್ಡದಾದ ಮೇಲೆ ರನ್ನನ ಹತ್ತಿರ ಹೋಗಲಿ.